ಒಂಬತ್ತನೇ ನಂಬರಿನ ನಕ್ಷತ್ರಗಳು

ಸಾಕಮ್ಮ ಮಾಡಿದ ಕಾರ್ಡನ್ನು ಕೋಮಲ ಮೊದಲ ಸಲ ಪಕ್ಕಕ್ಕೆ ಎಸೆದದ್ದು 2003ರ ಆಷಾಢದಲ್ಲಿ. ಕೆಂಪು ಕಾರ್ಡು, ನಡುವೆ ಚಿನ್ನದ ಬಣ್ಣದ ನಕ್ಷತ್ರ. ಐದು ಮೂಲೆಗಳೂ ನೆಟ್ಟಗಿದ್ದವು, ಗಮ್ಮು ಎಲ್ಲಿಯೂ ಹೊರಗೆ ಬಂದಿರಲಿಲ್ಲ. ಅದರಲ್ಲಿ ತಪ್ಪಿಲ್ಲವೆಂದು ಕೋಮಲಳಿಗೆ ಚೆನ್ನಾಗಿ ಗೊತ್ತಿತ್ತು.

"ಇದು ಆಗಲ್ಲ," ಎಂದಳು.

"ಯಾಕಾಗಲ್ಲ?"

"ವಾರೆ ಅದೆ."

"ಎಲ್ಲಮ್ಮಿ ವಾರೆ? ತೋರ್ಸು ನೋಡಾನ."

"ತೋರ್ಸಕ್ಕೆ ನಾನೇನು ಮೇಷ್ಟ್ರಾ? ಚೆಕ್ ಮಾಡು ಅಂತ ಮೇಡಂ ಕೂರ್ಸವ್ರೆ, ಮಾಡ್ತಾ ಇವ್ನಿ."

ಸುತ್ತ ಕೂತಿದ್ದ ಹೆಂಗಸರು ತಲೆ ಎತ್ತದೆ ಕೆಲಸ ಮುಂದುವರಿಸಿದರು. ಇವರಿಬ್ಬರ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಹೆಮ್ಮರಗಾಲದ ಒಂದೇ ಮನೆಯ ವಾರಗಿತ್ತಿಯರು, ಒಂದೇ ಬಸ್ಸಿನಲ್ಲಿ ನಂಜನಗೂಡಿಗೆ ಬಂದು ಬೇರೆ ಬೇರೆ ಬಾಗಿಲಿನಿಂದ ಇಳಿಯುವವರು.

ಅವರು ಕೆಲಸ ಮಾಡುತ್ತಿದ್ದದ್ದು ನಂಜನಗೂಡಿನ ರೈಲ್ವೆ ಸ್ಟೇಷನ್ ಕಡೆಯ ಒಂದು ಹಳೇ ಅಕ್ಕಿ ಗೋಡೌನಿನಲ್ಲಿ. ಅದನ್ನು ಬಾಡಿಗೆಗೆ ಹಿಡಿದವರು ಚಂಪಕ. ಡ್ರಾಯಿಂಗ್ ಟೀಚರ್ ಆಗಿದ್ದವರು, ಗಂಡನ ಮನೆಯವರು ತಲೆತಲಾಂತರದಿಂದ ದೇವಸ್ಥಾನದ ಕೆಲಸದವರು. ಹೊರದೇಶಕ್ಕೆ ಸಾಮಾನು ಕಳಿಸುವ ಬೆಂಗಳೂರಿನವರೊಬ್ಬರು ಅವರಿಗೆ ಕ್ರಿಸ್ಮಸ್ ಕಾರ್ಡಿನ ಆರ್ಡರು ಕೊಡುತ್ತಿದ್ದರು. ಡಿಸೆಂಬರಿನ ಹಬ್ಬದ ಕಾರ್ಡು ಸೆಪ್ಟೆಂಬರಿಗೇ ಹಡಗು ಹತ್ತಬೇಕಿತ್ತು. ಹಾಗಾಗಿ ಆ ಗೋಡೌನಿಗೆ ಕ್ರಿಸ್ಮಸ್ ಬರುತ್ತಿದ್ದದ್ದು ಆಷಾಢ ಶ್ರಾವಣದಲ್ಲಿ, ಗಾಳಿಯಾಡದ ಒಳಗಿನ ಸೆಕೆಯಲ್ಲಿ. ಗಮ್ಮು ಬೇಗ ಒಣಗುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ, ಕತ್ತರಿಸಿದ ಚೂರುಗಳೂ ಹಾರಿಹೋಗುತ್ತಿದ್ದವು.

ಕೆಲಸ ಕಷ್ಟದ್ದಲ್ಲ, ಆದರೆ ನಾಜೂಕಿನದು. ಮರದ ಹಲಗೆಯಲ್ಲಿ ಉಕ್ಕಿನ ಅಲಗನ್ನು ನಕ್ಷತ್ರದ ಹಾಗೋ ಗಂಟೆಯ ಹಾಗೋ ಬಗ್ಗಿಸಿ ಕೂರಿಸಿದ್ದ ಅಚ್ಚುಗಳಿದ್ದವು. ಅವನ್ನು ಎಲ್ಲರೂ ಡೈ ಎನ್ನುತ್ತಿದ್ದರು. ಡೈ ಮೇಲೆ ದಪ್ಪ ಹಾಳೆ ಇಟ್ಟು, ಮೇಲೊಂದು ಪ್ಲೇಟು ಹಾಕಿ, ರೋಲರ್ ಮಿಷನ್ನಿನ ಹಿಡಿ ತಿರುಗಿಸಿದರೆ ಆ ಕಡೆಯಿಂದ ಆಕಾರ ಕತ್ತರಿಸಿಕೊಂಡು ಬರುತ್ತಿತ್ತು. ಅದನ್ನು ಸೂಜಿಯಲ್ಲಿ ಬಿಡಿಸಿ ಕಾರ್ಡಿಗೆ ಅಂಟಿಸಬೇಕು. ಉಡುಗೊರೆಗೆ ಕಟ್ಟುವ ಚೀಟಿಗಳಾದರೆ ಮೇಲೆ ತೂತು ಹೊಡೆದು ನಾರಿನ ದಾರ ಪೋಣಿಸಬೇಕು. ಆ ಹೆಂಗಸರಲ್ಲಿ ಯಾರೂ ಕ್ರಿಸ್ಮಸ್ ಮಾಡುವವರಲ್ಲ. ಅಂಚಿನಲ್ಲಿ ಮುಳ್ಳಿದ್ದ ಎಲೆಯನ್ನು ಮುಳ್ಳೆಲೆ ಎಂದೂ, ಟೋಪಿ ಹಾಕಿದ ಮುದುಕನನ್ನು ಗಡ್ಡದ ತಾತ ಎಂದೂ ಕರೆಯುತ್ತಿದ್ದರು. ತಾತನ ಗಾಡಿ ಎಳೆಯುವ ಜಿಂಕೆಗೆ ಕತ್ತರಿಸುವಾಗ ಕೊಂಬು ಮುರಿದುಹೋಗುತ್ತಿತ್ತು. ಅದನ್ನು ಕಂಡರೆ ಎಲ್ಲರಿಗೂ ಸಿಟ್ಟು.

ಸಾಕಮ್ಮ ಗೋಡೌನು ಶುರುವಾದಾಗಿನಿಂದ ಇದ್ದವಳು. ಅವಳ ನಂಬರು ಒಂಬತ್ತು. ಪ್ರತಿ ಕಾರ್ಡಿನ ಹಿಂದೆ ಸಣ್ಣದಾಗಿ ಪೆನ್ಸಿಲಿನಲ್ಲಿ ತನ್ನ ನಂಬರು ಹಾಕಿಡುವುದು ಅಲ್ಲಿನ ರೂಢಿ. ಐವತ್ತು ದಾಟಿದ್ದ ವಿಧವೆ. ಮದುವೆಯಾಗಿ ಬಂದಾಗ ಗಂಡ ಕಲ್ಲಯ್ಯನ ತಮ್ಮ ಕೃಷ್ಣ ಮೊಲೆ ಬಿಟ್ಟ ಕೂಸು, ತಾಯಿ ಇರಲಿಲ್ಲ. ಸಾಕಮ್ಮನಿಗೆ ಮಕ್ಕಳಾಗಲಿಲ್ಲ. ಕೃಷ್ಣನನ್ನೇ ಎತ್ತಿ ಆಡಿಸಿ, ಬೈದು ಹೊಡೆದು, ಎಸ್ಸೆಸ್ಸೆಲ್ಸಿವರೆಗೆ ಓದಿಸಿ, ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸಕ್ಕೆ ಸೇರಿಸಿದ್ದಳು. ಕಲ್ಲಯ್ಯ ತೀರಿಕೊಂಡ ಮೇಲೆ ತಾನೇ ಮೂಗೂರಿಗೆ ಹೋಗಿ, ಪಿಯುಸಿ ಓದಿದ್ದ ಕೋಮಲಳನ್ನು ನೋಡಿ ಒಪ್ಪಿ ಕೃಷ್ಣನಿಗೆ ತಂದಿದ್ದಳು. ಅವರ ಮದುವೆಯಾಗಿ ಎರಡು ವರ್ಷಕ್ಕೆ ಮನೆಯ ನಡುವೆ ಗೋಡೆ ಎದ್ದಿತು. ಕೃಷ್ಣನೇ ನಿಂತು ಕಟ್ಟಿಸಿದ. ಸಾಕಮ್ಮನ ಲೆಕ್ಕದಲ್ಲಿ ಆ ಗೋಡೆ ಕಟ್ಟಿದವಳು ಕೋಮಲ.

ಕೋಮಲಳ ಲೆಕ್ಕ ಬೇರೆಯಿತ್ತು. ಗೋಡೆ ಏಳುವ ಮುಂಚೆ ಅವಳು ಬಸುರಾಗಿದ್ದಳು, ನಾಲ್ಕನೇ ತಿಂಗಳಿಗೆ ಅದು ಕಳೆದುಹೋಗಿತ್ತು. ಆಸ್ಪತ್ರೆಯಿಂದ ಬಂದು ಮಲಗಿದ್ದಾಗ ಸಾಕಮ್ಮ ಜಗುಲಿಯಲ್ಲಿ ಕೂತು ಪಕ್ಕದ ಮನೆಯವಳಿಗೆ, "ಇವ್ಳು ಕಾಲಿಟ್ಟ ಮ್ಯಾಲೆ ಈ ಮನೇಲಿ ಯಾವ್ದೂ ನಿಲ್ತಾ ಇಲ್ಲ ಕಣಕ್ಕ, ಅಸಾನೂ ಸತ್ತೋಯ್ತು, ಇದೂ ಓಯ್ತು" ಎಂದಿದ್ದಳು. ಕಿಟಕಿ ತೆರೆದಿತ್ತು. ಸತ್ತ ಹಸುವಿನ ಜೊತೆ ತನ್ನ ಮಗುವನ್ನು ಸೇರಿಸಿ ಹೇಳಿದ್ದನ್ನು ಕೋಮಲ ಮರೆಯಲಿಲ್ಲ, ಮರೆಯುವ ಇಷ್ಟವೂ ಅವಳಿಗಿರಲಿಲ್ಲ.

ಹಾಗೆ ಇದ್ದವಳು 2003ರಲ್ಲಿ ಗೋಡೌನಿಗೆ ಸೇರಿದಳು. ಅಕ್ಷರ ಬಲ್ಲವಳು, ಇಂಗ್ಲಿಷಿನ ಸಾಲು ಓದಬಲ್ಲವಳು ಎಂದು ಚಂಪಕ ಬೇಗನೆ ಅವಳನ್ನು ಚೆಕ್ಕಿಂಗಿಗೆ ಕೂರಿಸಿದರು. ಹೊಂದದ ಕಾರ್ಡನ್ನು ಗೋಣಿಚೀಲಕ್ಕೆ ಹಾಕಬೇಕು. ಅದಕ್ಕೆ ಕೂಲಿ ಇಲ್ಲ. ಚೀಲದ್ದನ್ನು ವರ್ಷದ ಕೊನೆಗೆ ಊರಿನ ಅಂಗಡಿಗಳಿಗೆ ಅಗ್ಗಕ್ಕೆ ಕೊಟ್ಟುಬಿಡುತ್ತಿದ್ದರು.

ಮೊದಲ ವಾರಗಳಲ್ಲಿ ಕೋಮಲ ಒಂಬತ್ತನೇ ನಂಬರಿನ ಕಾರ್ಡುಗಳನ್ನು ಬೇಕೆಂದೇ ಎಸೆದಳು. ಎಲ್ಲವನ್ನೂ ಅಲ್ಲ, ಹಾಗೆ ಮಾಡಿದರೆ ಮೇಡಂ ಕೇಳುತ್ತಾರೆ. ಅಲ್ಲೊಂದು ಇಲ್ಲೊಂದು ಆರಿಸಿ, ಸಾಕಮ್ಮ ನೋಡುತ್ತಿರುವಾಗಲೇ ಚೀಲಕ್ಕೆ ಹಾಕುತ್ತಿದ್ದಳು. ಆಮೇಲೆ ಚೆಕ್ ಮಾಡಲು ಬೆಳಕು ಸಾಲದೆಂದು ಮೇಡಂಗೆ ಹೇಳಿ ತನ್ನ ಟೇಬಲನ್ನು ಕಿಟಕಿಯ ಹತ್ತಿರ ಹಾಕಿಸಿಕೊಂಡಳು. ಕಿಟಕಿಯ ಹತ್ತಿರ ಅದುವರೆಗೆ ಕೂರುತ್ತಿದ್ದವಳು ಸಾಕಮ್ಮ. ಅವಳು ಒಳಗಡೆ ಟ್ಯೂಬ್‌ಲೈಟಿನ ಕೆಳಗೆ ಹೋಗಬೇಕಾಯಿತು.

"ಮೂರ್ ವರ್ಸದಿಂದ ಇಲ್ಲೇ ಕುಂತಿವ್ನಿ ಮೇಡಮ್ನೋರೆ," ಎಂದಳು ಸಾಕಮ್ಮ.

"ಜಾಗ ಯಾರ ಹೆಸರಿಗೂ ಬರೆದುಕೊಟ್ಟಿಲ್ಲಮ್ಮ. ಅಲ್ಲಿ ಕೂತ್ಕೊಳಿ," ಎಂದರು ಚಂಪಕ.

ಅಲ್ಲಿಂದ ಸಾಕಮ್ಮನ ಕೆಲಸ ನಿಜವಾಗಿಯೇ ಕೆಟ್ಟಿತು. ನಕ್ಷತ್ರಗಳು ಒಂದು ಪಕ್ಕಕ್ಕೆ ಸರಿದವು. ಚೀಟಿಯ ತೂತು ಅಂಚಿಗೆ ಬಿದ್ದು ದಾರ ಕಟ್ಟುವಾಗಲೇ ಹರಿಯಿತು. ಒಂದು ದಿನ ಗಡ್ಡದ ತಾತನನ್ನು ತಲೆಕೆಳಗಾಗಿ ಅಂಟಿಸಿದ್ದಳು. ಕೋಮಲಳಿಗೆ ಮೊದಲು ಖುಷಿಯಾಯಿತು, ಆಮೇಲೆ ಆಶ್ಚರ್ಯ. ಕದ್ದು ಗಮನಿಸಿದಳು. ಸಾಕಮ್ಮ ನಕ್ಷತ್ರವನ್ನು ಕೈಗೆತ್ತಿಕೊಂಡು ಹೆಬ್ಬೆರಳಿನಿಂದ ಅದರ ಮೂಲೆಗಳನ್ನು ಮುಟ್ಟಿ ನೋಡುತ್ತಿದ್ದಳು. ಕಾರ್ಡಿನ ಅಂಚನ್ನೂ ಹಾಗೆಯೇ ಸವರಿ, ಅಂದಾಜಿನ ಮೇಲೆ ಅಂಟಿಸುತ್ತಿದ್ದಳು. ಸೂಜಿ ಬಿದ್ದರೆ ಕಣ್ಣಲ್ಲಿ ಹುಡುಕದೆ ಕೈಯಲ್ಲಿ ತಡಕುತ್ತಿದ್ದಳು.

ಮೂಗೂರಿನಲ್ಲಿ ಕೋಮಲಳ ತಾತ ಕೊನೆಗಾಲದಲ್ಲಿ ಊಟದ ತಟ್ಟೆಯನ್ನು ಹೀಗೆಯೇ ಸವರುತ್ತಿದ್ದ. ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಕೋಮಲಳಿಗೆ ಆ ಕ್ಷಣವೇ ಅರ್ಥವಾಯಿತು: ಇವಳಿಗೆ ಕಾಣಿಸುತ್ತಿಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಇನ್ನು ಸುಳ್ಳು ಹೇಳಿ ಎಸೆಯುವ ಅಗತ್ಯವೇ ಇರಲಿಲ್ಲ. ಸೊಟ್ಟಗಿದ್ದದ್ದನ್ನು ಸೊಟ್ಟಗಿದೆ ಎಂದರೆ ಸಾಕಿತ್ತು. ಕಿಟಕಿಯನ್ನೂ ಬಿಟ್ಟುಕೊಡಲಿಲ್ಲ.

ಸಾಕಮ್ಮನೂ ಹೇಳಲಿಲ್ಲ. ಎರಡು ವರ್ಷದಿಂದ ಕಣ್ಣ ಮುಂದೆ ಹೊಗೆ ಹಾಕಿದ ಹಾಗಿತ್ತು, ಈಗ ಹೊಗೆ ದಟ್ಟವಾಗಿತ್ತು. ಹೇಳಿದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಗೋಡೆಯ ಆಚೆಗೆ ಕೈ ಚಾಚಬೇಕಾಗುತ್ತದೆ. ಕೋಮಲಳ ಕೈಯಿಂದ ಒಂದು ಲೋಟ ನೀರನ್ನೂ ಇಸಿದುಕೊಳ್ಳಲು ಅವಳು ತಯಾರಿರಲಿಲ್ಲ.

ಗೌರಿಹಬ್ಬ ಹತ್ತಿರ ಬಂದಾಗ ಚಂಪಕ ಚೀಲ ನೋಡಿ ಸಿಟ್ಟಾದರು. ಹಾಳೆ ಬೆಂಗಳೂರಿನಿಂದ ಅಳೆದು ಬರುತ್ತಿತ್ತು, ಹಾಳಾದದ್ದಕ್ಕೆ ಅವರೇ ಉತ್ತರ ಕೊಡಬೇಕಿತ್ತು. ಎಲ್ಲರ ಮುಂದೆ ಕೇಳಿದರು: "ಸಾಕಮ್ಮ, ಚೀಲದ ತುಂಬ ನಿಮ್ಮ ನಂಬರೇ ಇದೆ. ಏನಾಗಿದೆ ನಿಮಗೆ?"

"ನಂಗೇನೂ ಆಗಿಲ್ಲ. ಬೇಕಂತ್ಲೇ ಎಸೀತಾವ್ಳೆ ಅವ್ಳು. ಮನೇಲಿರೋ ಜಿದ್ದ ಇಲ್ ತೀರ್ಸ್ಕತಾವ್ಳೆ."

"ನಾನ್ಯಾಕ್ ಎಸೀಲಿ?" ಕೋಮಲ ಕೂತಲ್ಲಿಂದಲೇ ಹೇಳಿದಳು. "ನಿಮ್ ಮುಂದೇನೇ ಒಂದ್ ಅಂಟ್ಸಿ ತೋರ್ಸ್ಲಿ ಅನ್ನಿ ಮೇಡಂ."

"ತೋರುಸ್ತೀನಿ. ಕೊಡಿ ಮೇಡಮ್ನೋರೆ. ನಿಮ್ ಕಣ್ ಮುಂದೇನೇ ಅಂಟುಸ್ತೀನಿ."

ಚಂಪಕ ಅಲ್ಲೇ ಇದ್ದ ಒಂದು ಕೆನೆಬಣ್ಣದ ಕಾರ್ಡು ಕೊಟ್ಟರು, ಬಿಳಿಯ ನಕ್ಷತ್ರ ಕೊಟ್ಟರು. ಸಾಕಮ್ಮ ಕಾರ್ಡನ್ನು ಸವರಿದಳು. ಎಲ್ಲರೂ ನೋಡುತ್ತಿದ್ದಾರೆಂಬುದು ನೆನಪಾಗಿ ಕೈ ಹಿಂದೆಗೆದಳು. ನಕ್ಷತ್ರದ ಬೆನ್ನಿಗೆ ಗಮ್ಮು ಸವರಿ, ತಲೆ ನೆಟ್ಟಗಿಟ್ಟುಕೊಂಡೇ ಅದನ್ನು ಇಟ್ಟು ಒತ್ತಿದಳು. ನಕ್ಷತ್ರದ ಎರಡು ಮೂಲೆ ಕಾರ್ಡಿನ ಮೇಲೆ ಕೂತವು, ಉಳಿದ ಮೂರು ಕೆಳಗೆ ಹಾಸಿದ್ದ ಪೇಪರಿನ ಮೇಲೆ.

"ನೋಡ್ಕಳಿ," ಎಂದಳು ಸಾಕಮ್ಮ.

ಒಬ್ಬಳು ಕಿಸಕ್ಕೆಂದಳು. ತಡೆಯಲಾರದೆ ಇನ್ನೊಬ್ಬಳು ನಕ್ಕಳು. ಆಮೇಲೆ ಇಡೀ ಗೋಡೌನು ನಕ್ಕಿತು. ಸಾಕಮ್ಮ ಯಾಕೆಂದು ತಿಳಿಯದೆ ಮುಖ ತಿರುಗಿಸಿ ತಿರುಗಿಸಿ ನೋಡಿದಳು.

"ಅವ್ರ್ಗೆ ಕಣ್ಣು ಕಾಣಲ್ಲ ಮೇಡಂ," ಕೋಮಲ ಗಟ್ಟಿಯಾಗಿ ಹೇಳಿದಳು. "ನಂಗೆ ಬೋ ದಿನದಿಂದ ಗೊತ್ತು."

ನಗು ನಿಂತಿತು.

"ಗೊತ್ತಿದ್ದೂ ಹೇಳಲಿಲ್ವಾ?" ಚಂಪಕ ಕೇಳಿದರು.

ಕೋಮಲ ಮುಂದಿದ್ದ ಕಾರ್ಡುಗಳನ್ನು ಜೋಡಿಸತೊಡಗಿದಳು. ಈ ಗಳಿಗೆಯನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ನೋಡಿ ಸುಖಪಟ್ಟಿದ್ದಳು. ಈಗ ಎಲ್ಲರೂ ಸಾಕಮ್ಮನನ್ನು ಬಿಟ್ಟು ತನ್ನನ್ನೇ ನೋಡುತ್ತಿದ್ದರು.

ಸಾಕಮ್ಮ ತಡಕಿ ತನ್ನ ಬ್ಯಾಗು ತೆಗೆದುಕೊಂಡಳು. ಬಸ್‌ಸ್ಟ್ಯಾಂಡಿನವರೆಗೆ ಕೈ ಹಿಡಿಯಲು ಬಂದ ಜೊತೆಯವಳೊಬ್ಬಳನ್ನು ಕೊಡವಿದಳು. ಅವಳು ಹೆಮ್ಮರಗಾಲದ ಬಸ್ಸು ಹತ್ತಲಿಲ್ಲ. ಕಂಡಕ್ಟರುಗಳನ್ನು ಕೇಳಿ ಕೇಳಿ ಟಿ. ನರಸೀಪುರದ ಬಸ್ಸು ಹಿಡಿದು, ಅಲ್ಲಿ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದ ತಮ್ಮ ಸಣ್ಣಯ್ಯನ ಮನೆಗೆ ಹೋದಳು.

"ಇಷ್ಟ್ ದಿನ ಯಾಕಕ್ಕ ಏಳ್ಲಿಲ್ಲ?" ಎಂದು ಸಣ್ಣಯ್ಯ ಬೈದ.

"ಯಾರ್ಗ್ಲಾ ಏಳ್ಲಿ? ಗ್ವಾಡೆಗಾ?"

ಟಿ. ನರಸೀಪುರದಲ್ಲಿ ಕಣ್ಣಿನ ಶಿಬಿರ ನಡೆದಾಗ ಸಣ್ಣಯ್ಯ ಅವಳನ್ನು ಕರೆದೊಯ್ದ. ಡಾಕ್ಟರು ನೋಡಿ, ಪೊರೆ ಬಲಿತಿದೆ, ತೆಗೆದರೆ ಸರಿಹೋಗುತ್ತದೆ ಎಂದರು. ಮೈಸೂರಿಗೆ ಕರೆದುಕೊಂಡು ಹೋಗಿ ಬಲಗಣ್ಣಿಗೆ ಆಪರೇಷನ್ ಮಾಡಿ ಕಳಿಸಿದರು.

ಕೃಷ್ಣನಿಗೆ ಆಪರೇಷನ್ನಿನ ಸುದ್ದಿ ತಿಳಿದದ್ದು ಬಸ್ಸಿನಲ್ಲಿ, ಬೇರೆಯವರ ಬಾಯಿಂದ. ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಕೇಳಿದ. "ಅತ್ಗವ್ವಂಗೆ ಕಣ್ ಕಾಣಲ್ಲ ಅಂತ ನಿಂಗ್ ಗೊತ್ತಿತ್ತಾ?"

"ಗೊತ್ತಿತ್ತು."

"ಒಂದ್ ಮಾತ್ ನಂಗ್ ಏಳಕ್ ಆಗ್ನಿಲ್ವಾ? ಮನ್ಸ್ಯಾಳಾ ನೀನು?"

"ನೀನು ವರ್ಸದಲ್ಲಿ ಒಂದ್ ಸತಿ ಗೋಡೆ ಆಚೆ ಓಗಿ ಅವ್ರ್ ಮಕ ನೋಡಿದ್ರೆ ನಿಂಗೂ ಗೊತ್ತಾಗೋದು. ಓಗಿದ್ಯಾ? ಸಾಕ್ದೋರು ಅವ್ರು ನಿನ್ನ, ನನ್ನಲ್ಲ."

ಕೃಷ್ಣ ಕೈ ಎತ್ತಿದ, ಇಳಿಸಿದ, ಹೊರಗೆ ಹೋದ. ಮರುದಿನ ಟಿ. ನರಸೀಪುರಕ್ಕೆ ಕಿತ್ತಳೆಹಣ್ಣು ತೆಗೆದುಕೊಂಡು ಹೋದ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೊರಗಿದ್ದ ಸಾಕಮ್ಮ ಅವನ ದನಿ ಕೇಳಿಯೂ, "ಯಾರ್ಲಾ ಸಣ್ಣಯ್ಯ, ಯಾರೋ ಬಂದಂಗದೆ" ಎಂದಳು. ಕೃಷ್ಣ ಹಣ್ಣಿಟ್ಟು ಬಂದ.

ಗೋಡೆಯ ಆಚೆಯ ಸದ್ದು ನಿಂತ ಆ ದಿನಗಳಲ್ಲಿ ಕೋಮಲ ಚೆನ್ನಾಗಿ ನಿದ್ದೆ ಮಾಡಿದಳು. ಗೋಡೌನಿನಲ್ಲಿ ಮಾತ್ರ ಯಾರೂ ಅವಳ ಪಕ್ಕ ಕೂತು ಊಟದ ಡಬ್ಬಿ ಬಿಚ್ಚಲಿಲ್ಲ. ಅವಳು ಎಸೆದ ಒಂದೊಂದು ಕಾರ್ಡನ್ನೂ ಹೆಂಗಸರು ಎತ್ತಿ ತಿರುಗಿಸಿ ನೋಡತೊಡಗಿದರು.

ತಿಂಗಳು ಕಳೆದ ಮೇಲೆ ಸಾಕಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಗೋಡೌನಿಗೆ ವಾಪಸು ಬಂದಳು. ಆರ್ಡರು ಕಳಿಸಲು ಕೆಲವೇ ದಿನ ಉಳಿದಿತ್ತು, ಎಲ್ಲರೂ ಡಬ್ಬಗಳಿಗೆ ಕಾರ್ಡು ತುಂಬುತ್ತಿದ್ದರು. ಅವಳು ಯಾರನ್ನೂ ಮಾತಾಡಿಸದೆ ಮೂಲೆಯ ಗೋಣಿಚೀಲವನ್ನು ಎಳೆದು ನೆಲಕ್ಕೆ ಸುರಿದಳು. ಕನ್ನಡಕ ತೆಗೆದು, ಒಂದೊಂದೇ ಕಾರ್ಡಿನ ಹಿಂದೆ ನೋಡಿ ತನ್ನ ನಂಬರಿನವನ್ನೆಲ್ಲ ಬೇರೆ ಮಾಡಿದಳು. ಆಮೇಲೆ ಅವನ್ನೇ ಎರಡು ರಾಶಿ ಮಾಡಿ ಎತ್ತಿಕೊಂಡು ಹೋಗಿ ಚಂಪಕರ ಮುಂದೆ ಇಟ್ಟಳು.

"ಈ ಕಡೆ ರಾಶಿ ನನ್ ಕಣ್ಣಿಂದು. ನನ್ ತೆಪ್ಪೇ, ಒಪ್ಕತೀನಿ. ಇವು ನೋಡಿ ಮೇಡಮ್ನೋರೆ. ನಾನು ಕಿಟ್ಕಿ ತಾವ ಇದ್ದಾಗ ಮಾಡುದ್ವು. ಇದ್ರಲ್ಲಿ ಎಲ್ಲಿ ವಾರೆ ಅದೆ?"

ಚಂಪಕ ಒಂದೊಂದಾಗಿ ನೋಡಿದರು. ಅಡಿಪಟ್ಟಿ ಇಟ್ಟು ನೋಡಿದರು. ನಕ್ಷತ್ರಗಳು ನಡುಮಧ್ಯೆ ಕೂತಿದ್ದವು.

"ಕೋಮಲ, ಬಾ ಇಲ್ಲಿ. ಇವನ್ನ ಯಾಕೆ ತೆಗೆದುಹಾಕಿದೆ?"

ಕೋಮಲ ಎದ್ದು ಬಂದಳು. "ಬೇಕು ಅಂತ್ಲೇ ತೆಗ್ದೆ. ಅವ್ರು ನಂಗೆ ಏನಂದ್ರು ಅಂತ ಅವ್ರ್ನೇ ಕೇಳಿ. ನನ್ ಒಟ್ಟೇಲಿದ್ದುದ್ದು ಓದಾಗ, ನಾನಿನ್ನೂ ಮ್ಯಾಕ್ಕೆ ಎದ್ದಿರ್ನಿಲ್ಲ, ಅಸಾ ಸತ್ತಂಗೆ ಸತ್ತೋಯ್ತು ಅಂದ್ರು."

"ಅಸಾ ಸತ್ತಂಗೆ ಅಂತ ನಾನ್ ಅನ್ನಿಲ್ಲ!"

"ಅಂದ್ರಿ. ಕಿಟ್ಕಿ ತೆಗ್ದಿತ್ತು. ಬೇಕಾದ್ರೆ ಈಗ್ಲೂ ಅವತ್ತಿನ್ ಮಾತು ಒಂದೂ ಬಿಡ್ದಂಗೆ ಏಳ್ತೀನಿ."

ಸಾಕಮ್ಮ ರಾಶಿಯ ಮೇಲಿನ ಕಾರ್ಡನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. "ಅಂದೆ," ಎಂದಳು. "ನಂಗೂ ಆ ಕೂಸು ಬೇಕಾಗಿತ್ತು ಕಣಮ್ಮಿ. ಸಂಕ್ಟಕ್ಕೆ ಅಂದೆ. ಅದುನ್ನ ಬಂದು ನನ್ ಮಕಕ್ ಕೇಳ್ಬೇಕಾಗಿತ್ತು. ಕುರ್ಡಿ ಮಾಡಿ ನಾಕ್ ಜನದಲ್ಲಿ ನಗ್ಸುದ್ಯಲ್ಲ."

"ಕಣ್ಗೆ ಪೊರೆ ನಾನ್ ತಂದ್ನಾ?"

"ಬೆಳ್ಕ ಕಿತ್ಕಂಡೋಳು ನೀನೇಯ."

"ಸಾಕು!" ಚಂಪಕ ಮೇಜು ಗುದ್ದಿದರು. "ನಿಮ್ಮನೆ ಜಗಳಕ್ಕೆ ನನ್ನ ಹಾಳೆ ಹಾಳಾಯ್ತು. ಇನ್ನು ಚೆಕ್ಕಿಂಗ್ ನಾನೇ ಮಾಡ್ತೀನಿ. ಕೋಮಲ, ನೀನು ನಾಳೆಯಿಂದ ಮಿಷನ್ ತಿರುಗಿಸು. ಸರಿಯಿರೋ ಈ ರಾಶಿ ಆರ್ಡರಿನ ಡಬ್ಬಕ್ಕೆ ಹೋಗಲಿ. ಬೇಡ ಅನ್ನೋರು ಇಬ್ಬರೂ ಈಗಲೇ ಹೊರಡಬಹುದು."

ಇಬ್ಬರೂ ಹೊರಡಲಿಲ್ಲ. ಬಿಟ್ಟುಹೋದರೆ ಸಾಕಮ್ಮ ಗೆದ್ದ ಹಾಗಾಗುತ್ತದೆಂದು ಕೋಮಲ ನಿಂತಳು. ಸಾಕಮ್ಮ ನಿಂತದ್ದೂ ಅಂಥದೇ ಕಾರಣಕ್ಕೆ.

ಮುಂದಿನ ವರ್ಷ ಆಷಾಢದಲ್ಲಿ ಆರ್ಡರು ಬಂದಾಗ ಚಂಪಕ ಯಾರನ್ನೂ ಕೇಳದೆ ಇಬ್ಬರನ್ನೂ ಒಂದೇ ಟೇಬಲಿಗೆ ಹಾಕಿದರು. ಕೋಮಲ ಡೈ ಇಟ್ಟು ಕತ್ತರಿಸುವುದು, ಸಾಕಮ್ಮ ಅಂಟಿಸುವುದು. ಅಷ್ಟರಲ್ಲಿ ಸಾಕಮ್ಮನ ಎಡಗಣ್ಣಿಗೂ ಆಪರೇಷನ್ ಆಗಿತ್ತು. ಜಿಂಕೆಯ ಕೊಂಬಿನಲ್ಲಿ ಹಾಳೆಯ ಒಂದು ಎಳೆ ನಾರು ಉಳಿದಿದ್ದರೂ ಅವಳಿಗೆ ಕಾಣಿಸುತ್ತಿತ್ತು. ಕಂಡ ಕೂಡಲೇ ಮಾತಿಲ್ಲದೆ ಕೋಮಲಳ ಮುಂದಕ್ಕೆ ತಳ್ಳುತ್ತಿದ್ದಳು. ಸಾಕಮ್ಮನ ಗಮ್ಮು ಒಂದು ಹನಿ ಹೊರಗೆ ಬಂದರೆ ಕೋಮಲ ಆ ಕಾರ್ಡನ್ನೆತ್ತಿ ಬೆಳಕಿಗೆ ಹಿಡಿದು ಎಲ್ಲರಿಗೂ ಕಾಣುವ ಹಾಗೆ ತೋರಿಸುತ್ತಿದ್ದಳು. ಒಬ್ಬರ ತಪ್ಪಿಗೆ ಇನ್ನೊಬ್ಬರು ಕಾದು ಕೂತಿದ್ದರಿಂದ ತಪ್ಪು ಮಾಡಲು ಇಬ್ಬರೂ ಹೆದರಿದರು. ಆ ವರ್ಷ ಅವರ ಟೇಬಲಿನಿಂದ ಚೀಲಕ್ಕೆ ಬಿದ್ದದ್ದು ಇಲ್ಲವೆನ್ನುವಷ್ಟು ಕಡಿಮೆ. ಚಂಪಕ ಹೊಗಳಿದರು, ಹೊಗಳಿಕೆಯನ್ನು ಇಬ್ಬರೂ ಕೇಳಿಸಿಕೊಳ್ಳದ ಹಾಗೆ ಕೂತರು.

ಆರ್ಡರು ಲಾರಿ ಹತ್ತಿ ಹೋದ ಮೇಲೆ ಹಿರಿಯರ ಹಬ್ಬ ಬಂತು. ಗೋಡೆ ಎದ್ದಾಗಿನಿಂದ ಸತ್ತ ಕಲ್ಲಯ್ಯನಿಗೆ ಎರಡು ಕಡೆ ಎಡೆ ಇಡುತ್ತಿದ್ದರು, ಆ ಕಡೆ ಸಾಕಮ್ಮ, ಈ ಕಡೆ ಕೃಷ್ಣ. ಈ ಸಲ ಕೃಷ್ಣ ಧೈರ್ಯ ಮಾಡಿದ.

"ನಮ್ಮಣ್ಣ ಒಬ್ನೇ. ಎಡೆನೂ ಒಂದೇ ಇಡಾನ. ಅತ್ಗವ್ವನ್ನ ಕರೀತೀನಿ."

"ಕರಿ. ಬಂದು ಉಣ್ಲಿ," ಎಂದಳು ಕೋಮಲ. "ನಾನು ಮಾತಾಡ್ಸಲ್ಲ. ಮಾತಾಡ್ಸು ಅಂತ ನೀನೂ ಅನ್ಕೂಡ್ದು."

ಸಾಕಮ್ಮ ಒಗೆದ ಸೀರೆಯುಟ್ಟು ಬಂದಳು. ಗಂಡನ ಫೋಟೋದ ಮುಂದೆ ಕರ್ಪೂರ ಹಚ್ಚಿ ಕೈ ಮುಗಿದಳು, ಸುತ್ತ ಒಂದು ಸಲ ಕಣ್ಣಾಡಿಸಿ ಎಲೆಯ ಮುಂದೆ ಕೂತಳು. ಕೋಮಲ ಮುದ್ದೆ ಇಟ್ಟು ಸಾರು ಬಿಟ್ಟಳು. ಸಾಕಮ್ಮ ಒಂದು ತುತ್ತು ನುಂಗಿ ಕೃಷ್ಣನ ಕಡೆ ತಿರುಗಿದಳು.

"ಉಪ್ಪು ಜಾಸ್ತಿ ಅದೆ ಕಣ್ಲಾ."

ಕೋಮಲಳೂ ಕೃಷ್ಣನಿಗೇ ಹೇಳಿದಳು. "ಬ್ಯಾಡ ಅನ್ನೋರು ಎದ್ದೋಗ್ಬೋದು ಅನ್ನು. ಬಾಗ್ಲು ತೆಗ್ದೇ ಅದೆ."

"ಎದ್ದೋಗಕ್ಕೆ ಬಂದಿಲ್ಲ ಅನ್ನು. ನಮ್ಮೋನ ಎಡೆ ಉಣ್ಣಕ್ ಬಂದಿವ್ನಿ. ಇನ್ನೊಂದ್ ಮುದ್ದೆ ಆಕ್ಲಿ ಅನ್ನು."

ಕೃಷ್ಣ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಕೋಮಲ ಒಳಗೆ ಹೋಗಿ ಬಿಸಿ ಮುದ್ದೆ ತಂದು ಎಲೆಗೆ ಹಾಕಿದಳು. ಹಾಕಿದ ರಭಸಕ್ಕೆ ಸಾರು ಸಿಡಿದು ಸಾಕಮ್ಮನ ಸೀರೆಯ ಮೇಲೆ ಬಿತ್ತು. ಸಾಕಮ್ಮ ಆ ಕಲೆಯನ್ನು ನೋಡಿದಳು, ಕೋಮಲಳನ್ನು ನೋಡಿದಳು, ಮುದ್ದೆ ಮುರಿದು ಸಾರಿಗೆ ಅದ್ದಿದಳು.